ಮಾತು ತೊದಲಿದ ಬೆಳಗ್ಗೆ

ಜನ್ನಾಪುರದ ಹಾಲೇಶಪ್ಪ ಭದ್ರಾವತಿ–ಶಿವಮೊಗ್ಗ ಖಾಸಗಿ ಬಸ್ಸಿನ ಕಂಡಕ್ಟರ್. ೧೯೯೮ರ ಒಂದು ಬೆಳಗ್ಗೆ ಟಿಕೆಟ್ ಹರಿಯುತ್ತಿದ್ದಾಗ ಬಲಗೈ ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿತು. ಕುಡಿದಿದ್ದಾನೆಂದು ಜನ ನಕ್ಕರು. ಶಿವಮೊಗ್ಗ ತಲುಪುವಷ್ಟರಲ್ಲಿ ಎಲ್ಲ ಮೊದಲಿನಂತಾಯಿತು.

"ಸರಿಹೋಯ್ತಲ್ಲ, ಇನ್ನೊಂದು ಟ್ರಿಪ್ ಹೊಡೆಯೋಣ," ಎಂದ ಹಾಲೇಶಪ್ಪ.

ಡ್ರೈವರ್ ಸೆಲ್ವರಾಜ್ ಬಸ್ಸಿನ ಕೀ ಜೇಬಿಗಿಳಿಸಿದ. "ನಮ್ಮಪ್ಪಂಗೂ ಹಿಂಗೇ ಸರಿಹೋಗಿತ್ತು ಮಾರಾಯ. ಅದೇ ವಾರ ಲಕ್ವ ಹೊಡೀತು. ಆಸ್ಪತ್ರೆಗೆ ನಡಿ."

ಆಸ್ಪತ್ರೆಯಲ್ಲಿ ನೋಡಿದಾಗ ಬಿ.ಪಿ. ವಿಪರೀತ ಏರಿತ್ತು. "ಮೆದುಳಿಗೆ ಹೋಗೋ ರಕ್ತ ಸ್ವಲ್ಪ ಹೊತ್ತು ತಡೆದು ಮತ್ತೆ ಹರಿದಿದೆ," ಎಂದರು ಡಾಕ್ಟರು. "ಇದು ಸಣ್ಣ ಸ್ಟ್ರೋಕು. ತಾನಾಗೇ ಹೋಯ್ತು ಅಂತ ಸುಮ್ಮನಿದ್ರೆ ದೊಡ್ಡದು ಬರಬಹುದು."

ಹಾಲೇಶಪ್ಪ ಬೀಡಿ ಬಿಟ್ಟ, ಉಪ್ಪು ಇಳಿಸಿದ, ಮಾತ್ರೆ ತಪ್ಪಿಸಲಿಲ್ಲ. ಹೆದರಿಕೆ ಮಾತ್ರ ಬಿಡಲಿಲ್ಲ. ಕೈ ಜೋಮು ಹಿಡಿದರೂ ಬೆವರುತ್ತಿದ್ದ. ಮತ್ತೆ ಮತ್ತೆ ಕನ್ನಡಿಯಲ್ಲಿ ತುಟಿ ನೋಡಿಕೊಳ್ಳುತ್ತಿದ್ದ.

"ಎಷ್ಟು ಸಲ ನೋಡ್ಕೊಳ್ತೀರಿ?" ಹೆಂಡತಿ ಚನ್ನಬಸಮ್ಮ ಕೇಳಿದಳು.

"ಮತ್ತೆ ಬಂದ್ರೆ ನಂಗೆ ಗೊತ್ತಾಗದೇ ಹೋದ್ರೆ?"

"ನಾನಿದ್ದೀನಲ್ಲ. ಬಾಯಿ ಸೊಟ್ಟಗಾದ್ರೆ, ಮಾತು ತೊದಲಿದ್ರೆ ಆ ಕ್ಷಣವೇ ಕರ್ಕೊಂಡು ಹೋಗ್ತೀನಿ."

ಅವನಿಗೆ ಲಕ್ವ ಹೊಡೆಯಲೇ ಇಲ್ಲ. ವಯಸ್ಸಾಗುವವರೆಗೂ ಅದೇ ರೂಟಿನಲ್ಲಿ ದುಡಿದ. ಆದರೂ ಒಳಗಿನ ಚಡಪಡಿಕೆ ಪೂರ್ತಿ ಅಡಗಲಿಲ್ಲ. ಬಸ್ಸಿನಲ್ಲಿ ಯಾರಾದರೂ ತೊದಲಿದರೆ, ಎಲ್ಲರಿಗಿಂತ ಮೊದಲು ಅವನೇ ಅವರ ಮುಖ ನೋಡುತ್ತಿದ್ದ.