ಲೊರೇನ್ ಉಳಿಸಿಕೊಂಡ ಆರಡಿ ಕೌಂಟರು

ಬೆಳಗಿನ ಆರು ಗಂಟೆ. ಕ್ರಿಮ್‌ಶಾ ಹಳ್ಳಿಯ ಗುಡ್ಡದ ಮೇಲೆ ಕುರಿಗಳಿಗೂ ಇನ್ನೂ ಸರಿಯಾಗಿ ಎಚ್ಚರವಾಗಿಲ್ಲ. ಲೊರೇನ್ ಹಾಲ್ರಾಯ್ಡ್ ಮಾತ್ರ ಪಬ್ಬಿನ ಹಿಂಬಾಗಿಲ ಬೀಗ ತೆಗೆದು, ಕೋಟನ್ನು ಮೊಳೆಗೆ ಸಿಕ್ಕಿಸಿ, ಹಳದಿ ಏಪ್ರನ್ ಕಟ್ಟಿಕೊಂಡು ನೆಲಮಾಳಿಗೆಗೆ ಇಳಿಯುತ್ತಾರೆ. ಬಿಯರ್ ಪೀಪಾಯಿಗಳ ಮೇಲೆ ಒಂದೊಂದಾಗಿ ಅಂಗೈ ಇಟ್ಟು ತಂಪು ನೋಡುತ್ತಾರೆ. ಮೇಲೆ ಬಂದು ಒದ್ದೆ ಬಟ್ಟೆಯಿಂದ ಕೌಂಟರು ಒರೆಸತೊಡಗಿದರೆ ಎರಡೇ ಎಳೆತಕ್ಕೆ ಮುಗಿಯಿತು. ಮೊದಲು ಅದು ಈ ಗೋಡೆಯಿಂದ ಆ ಗೋಡೆಯವರೆಗೆ ಚಾಚಿಕೊಂಡಿತ್ತು. ಈಗ ಉಳಿದಿರುವುದು ಆರಡಿ, ಒಬ್ಬರು ಕಾಲು ಚಾಚಿ ಮಲಗುವಷ್ಟು. ಆದರೂ ಲೊರೇನ್ ಅದನ್ನು ಹಳೆಯ ಅಭ್ಯಾಸದಂತೆ ಮೂರು ಸಲ ಒರೆಸುತ್ತಾರೆ.

ಹೊರಗೆ ಬೋರ್ಡು ಕೂಡ ಬದಲಾಗಿದೆ. ಮುತ್ತಜ್ಜಂದಿರ ಕಾಲದಿಂದ ಅಲ್ಲಿ ಕೊಂಬು ಸುರುಟಿದ ಕರಿ ಟಗರು ತೂಗಾಡುತ್ತಿತ್ತು. ಪಬ್ಬಿನ ಹೆಸರು ‘ಬ್ಲ್ಯಾಕ್ ರ್‍ಯಾಮ್’ ಆದರೂ ಊರವರ ಬಾಯಲ್ಲಿ ಬರೀ ‘ಟಗರು’. ಕಳೆದ ಶರತ್ಕಾಲದಿಂದ ಅದರ ಜಾಗದಲ್ಲಿ ಹಲ್ಲುಕಿರಿಯುವ ಹಳದಿ ಸೌಟೊಂದು ನೇತಾಡುತ್ತಿದೆ. ‘ಜಾಲಿ ಲ್ಯಾಡಲ್, ಇಡೀ ಕುಟುಂಬಕ್ಕೆ ಊಟ’. ಒಂದೇ ಕಂಪನಿ ನಡೆಸುವ ಇಂಥ ‘ಸೌಟು’ ಹೋಟೆಲುಗಳು ದೇಶದ ತುಂಬ ನೂರಾರಿವೆ. ಒಳಗೆ ಮಕ್ಕಳಿಗೆ ಎತ್ತರದ ಕುರ್ಚಿ, ಹೊರಳಾಡಿ ಆಡಲು ಬಣ್ಣದ ಚೆಂಡು ತುಂಬಿದ ಗುಂಡಿ, ಮೇಜಿಗೊಂದು ನಂಬರು. ಭಾನುವಾರ ಬಂತೆಂದರೆ ಮುನ್ನೂರು ತಟ್ಟೆ ಹುರಿದ ಮಾಂಸ ಹೊರಡುತ್ತದೆ. ಹೊಸದೆಲ್ಲ ಕೆಟ್ಟದ್ದು ಎನ್ನುವ ಪೈಕಿ ಲೊರೇನ್ ಅಲ್ಲ. “ಮುಂಚೆ ಹೆಂಗಸ್ರ ಟಾಯ್ಲೆಟ್ಟಲ್ಲಿ ಚಳಿಗಾಲದಲ್ಲಿ ನೀರೇ ಹೆಪ್ಪುಗಟ್ತಿತ್ತು. ಈಗ ಬಿಸಿಗಾಳಿ ಬರುತ್ತೆ. ಅದಕ್ಕೂ ಗೊಣಗಿದ್ರೆ ದೇವ್ರು ಮೆಚ್ಚಲ್ಲ” ಎನ್ನುತ್ತಾರೆ.

ಹತ್ತೊಂಬತ್ತರ ವಯಸ್ಸಿನಲ್ಲಿ, ಕೆಲಸಕ್ಕಿದ್ದ ಊರಿನ ಉಣ್ಣೆ ಗಿರಣಿ ಮುಚ್ಚಿದಾಗ, ಕಾಲು ಮುರಿದುಕೊಂಡಿದ್ದ ಯಾರದೋ ಬದಲಿಗೆ ಎರಡು ವಾರದ ಮಟ್ಟಿಗೆಂದು ಟಗರಿಗೆ ಬಂದವರು ಲೊರೇನ್. ಆ ಎರಡು ವಾರ ಇನ್ನೂ ಮುಗಿದಿಲ್ಲ. ಗಂಡ ಡೆರೆಕ್ ಕಲ್ಲುಗಣಿಯ ಧೂಳು ಕುಡಿದು ಎದೆ ಕೆಡಿಸಿಕೊಂಡ ಮೇಲೆ, ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದು ಇದೇ ಕೌಂಟರು. ಬೆಳಿಗ್ಗೆ ನೆಲ ಒರೆಸಿ, ಮಧ್ಯಾಹ್ನ ಪೈ ಬೇಯಿಸಿ, ಸಂಜೆ ಕೈಪಂಪಿನಿಂದ ಬಿಯರ್ ಎಳೆದು ಕೊಟ್ಟರು. ನಿಂತು ನಿಂತು ಮಂಡಿ ಸವೆಯಿತು, ನಾಲಿಗೆ ಮಾತ್ರ ಹರಿತವಾಯಿತು.

ಆದರೆ ಅವರ ನಿಜವಾದ ಕಸುಬು ಕಣ್ಣಿಗೆ ಕಾಣುವಂಥದ್ದಲ್ಲ. ಬಸ್ಸಿಗೆ, ಅಂಚೆ ಕಚೇರಿಗೆ, ಕೊನೆಗೆ ಸಾವಿನ ಮನೆಯ ಚಹಾಕ್ಕೂ ಸಾಲು ನಿಲ್ಲುವ ಈ ಜನ ಪಬ್ಬಿನಲ್ಲಿ ಮಾತ್ರ ಸಾಲು ನಿಲ್ಲುವುದಿಲ್ಲ. ಕೌಂಟರಿನ ಉದ್ದಕ್ಕೂ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಯಾರ ಹಿಂದೆ ಯಾರು ಬಂದರು ಎಂಬ ಲೆಕ್ಕ ಲೊರೇನ್ ತಲೆಯಲ್ಲಿರುತ್ತದೆ, ಪ್ರತಿಯೊಬ್ಬನ ತಲೆಯಲ್ಲೂ ಇರುತ್ತದೆ. “ಮುಂದಿನೋರ್ ಯಾರು?” ಎಂದು ಅವರು ಕೇಳಿದರೆ, ಬಾಯಾರಿ ನಿಂತವನೇ ಪಕ್ಕದವನತ್ತ ಗಲ್ಲ ತಿರುಗಿಸಿ “ಇವ್ನು” ಎನ್ನುತ್ತಾನೆ. ಹಾಗೆನ್ನದೆ ಗ್ಲಾಸು ಮುಂದೆ ಚಾಚಿದವನನ್ನು ಊರು ಮರೆಯುವುದಿಲ್ಲ. ಅಂಥವನೊಬ್ಬ ಸತ್ತು ಎಷ್ಟೋ ವರ್ಷವಾದರೂ ಅವನ ಹೆಸರು ಬಂದಾಗ ಮೊದಲು ನೆನಪಾಗುವುದು ಅದೇ.

ಡೆರೆಕ್ ತೀರಿಕೊಂಡ ವಾರ ಲೊರೇನ್ ರಜೆಯಲ್ಲಿದ್ದರು. ಮನೆಯ ಮೌನ ತಡೆಯಲಾರದೆ ಒಂದು ಸಂಜೆ ಟಗರಿಗೆ ಬಂದು, ಜೀವಮಾನದಲ್ಲಿ ಮೊದಲ ಸಲ ಕೌಂಟರಿನ ಈಚೆ, ಗಿರಾಕಿಗಳ ಕಡೆ ನಿಂತರು. ಅವರ ಮುಂದೆ ಆಗಲೇ ನಾಲ್ಕು ಜನ ಕಾದಿದ್ದರು. ಯಾರೂ ತಿರುಗಿ ನೋಡಲಿಲ್ಲ, ಯಾರೂ ಸಮಾಧಾನ ಹೇಳಲಿಲ್ಲ. ಲೊರೇನ್ ಬದಲಿಗೆ ಕೌಂಟರಿನ ಹಿಂದಿದ್ದವರು ಮುಂದಿನವರು ಯಾರೆಂದು ಕೇಳಿದಾಗ, ಎಲ್ಲರಿಗಿಂತ ಮೊದಲು ಬಂದಿದ್ದ ನಿವೃತ್ತ ಬಸ್ ಡ್ರೈವರ್ ನಾರ್ಮನ್ ಸಟ್‌ಕ್ಲಿಫ್, ತನ್ನ ಖಾಲಿ ಗ್ಲಾಸನ್ನೇ ನೋಡುತ್ತ, “ಲೊರೇನ್ ಮೊದ್ಲು ಬಂದಿದ್ಳು” ಎಂದರು. ಉಳಿದ ಮೂವರೂ ಹೌದೆಂದು ತಲೆಯಾಡಿಸಿದರು. ಅಪ್ಪಟ ಸುಳ್ಳು. ಈ ಸಂಗತಿ ಹೇಳುವಾಗ ಲೊರೇನ್ ಈಗಲೂ ಬಟ್ಟೆ ಹಿಂಡುವ ನೆಪದಲ್ಲಿ ಆಚೆ ತಿರುಗುತ್ತಾರೆ.

ಹಾಗಾಗಿ ಹಳೆಯ ಮಾಲೀಕರು ಪಬ್ಬು ಮಾರಿ ಸಮುದ್ರದ ಕಡೆ ಹೋದಾಗ, ಬೋರ್ಡಿಗಾಗಿ ಲೊರೇನ್ ಅಳಲಿಲ್ಲ. ಅವರಿಗೆ ಸಂಕಟವಾದದ್ದು, ಸೌಟಿನ ಕಂಪನಿ ಕೌಂಟರನ್ನು ಕಿತ್ತು ಐಸ್‌ಕ್ರೀಮ್ ಯಂತ್ರ ಇಡುತ್ತದೆ ಎಂದು ಕೇಳಿದಾಗ. ಊಟದ ಮೇಜಿಗೆ ಜೊತೆ ಬೇಕು, ಹಸಿವು ಬೇಕು. ಒಬ್ಬಂಟಿಯಾದವರು ಅರ್ಧ ಪೈಂಟ್ ಬಿಯರ್ ಹಿಡಿದು, ಯಾರಿಗೂ ಕಾರಣ ಹೇಳದೆ ನಿಲ್ಲುವುದಾದರೂ ಎಲ್ಲಿ?

ಊರಿನವರು ಸೌಟಿನ ಹೊಸ್ತಿಲು ತುಳಿಯುವುದಿಲ್ಲವೆಂದು ಶಪಥ ಮಾಡಿದರು. ಲೊರೇನ್ ಹಳದಿ ಏಪ್ರನ್ ಕಟ್ಟಿಕೊಂಡದ್ದನ್ನು ಕಂಡು ನಾರ್ಮನ್ ರಸ್ತೆಯಲ್ಲೇ ಚುಚ್ಚಿದರು. “ಚೆನ್ನಾಗ್ ಕಾಣ್ತೀಯ ಕಣೇ, ಸಾಸಿವೆ ಬಾಟ್ಲಿ ಹಾಗೆ.” ಲೊರೇನ್ ನಿಲ್ಲದೆ ಉತ್ತರಿಸಿದರು. “ಒಳಗಿದ್ರೆ ಏನಾದ್ರೂ ಉಳಿಸ್ಕೋಬೋದು. ಹೊರಗ್ ನಿಂತು ನೀನ್ ಏನ್ ಉಳಿಸ್ತೀಯ, ನಿನ್ ಟೋಪಿನಾ?”

ಆ ಶಪಥ ಸೌಟು ತೆರೆದ ಮೊದಲ ದಿನದ ಮಧ್ಯಾಹ್ನದವರೆಗಷ್ಟೇ ಬಾಳಿತು. ಹುರಿದ ಮಾಂಸದ ವಾಸನೆ ಬೀದಿಗೆ ಬಂದದ್ದೇ ತಡ, ಹಳೆಯ ಗಿರಾಕಿಗಳು ಎಂಟು ಜನ ಒಬ್ಬರ ಹಿಂದೊಬ್ಬರು ಬಂದರು. ಬಾಗಿಲಲ್ಲಿ ‘ದಯವಿಟ್ಟು ಇಲ್ಲಿ ನಿಲ್ಲಿ, ಜಾಗ ತೋರಿಸುತ್ತೇವೆ’ ಎಂಬ ಫಲಕವಿತ್ತು. ಫಲಕ ಕಂಡಮೇಲೆ ಕೇಳಬೇಕೆ, ಸಾಲು ನಿಂತರು. ಪಟ್ಟಣದಿಂದ ಕೆಲಸಕ್ಕೆ ಬಂದಿದ್ದ ಹುಡುಗಿ ಎಷ್ಟು ಜನ ಎಂದು ಕೇಳಿದಳು. ನಾರ್ಮನ್ ಒಬ್ಬನೇ ಎಂದರು. ಹಿಂದಿನವರೂ ಒಬ್ಬನೇ ಎಂದರು. ಎಂಟೂ ಜನ ಹಾಗೇ ಅಂದರು. ಅವರ ಮಟ್ಟಿಗೆ ಅದು ನಿಜವೇ. ಮೂವತ್ತು ವರ್ಷ ಪಕ್ಕಪಕ್ಕದಲ್ಲಿ ನಿಂತಿದ್ದರೂ ಅವರು ಒಂದು ದಿನವೂ ‘ಜೊತೆಗೆ’ ಬಂದವರಲ್ಲ.

ಹುಡುಗಿಯ ಕೈಯಲ್ಲಿದ್ದ ಯಂತ್ರ ಎಂಟು ಜನರಿಗೆ ಎಂಟು ಮೇಜು ಹಂಚಿತು, ಒಂದೊಂದಕ್ಕೂ ನಾಲ್ಕು ಕುರ್ಚಿ. ಕರೆಯದೆ ಇನ್ನೊಬ್ಬರ ಮೇಜಿಗೆ ಹೋಗಿ ಕೂರುವಷ್ಟು ನಾಚಿಕೆಗೆಟ್ಟವರು ಅವರಲ್ಲಿ ಯಾರೂ ಇರಲಿಲ್ಲ. ಕರೆಯುವಷ್ಟು ಸಲಿಗೆಯೂ ಇರಲಿಲ್ಲ. ಒಂದೊಂದು ಗ್ಲಾಸು ಮುಂದಿಟ್ಟುಕೊಂಡು, ದೂರದಿಂದಲೇ ಹವಾಮಾನದ ಬಗ್ಗೆ ಕೂಗಾಡುತ್ತ ಮಧ್ಯಾಹ್ನವೆಲ್ಲ ಕಳೆದರು. ಹೊರಗೆ ತುಂತುರಿನಲ್ಲಿ ಕುಟುಂಬಗಳು ಕಾಯುತ್ತಿದ್ದವು, ಮಕ್ಕಳು ರಚ್ಚೆ ಹಿಡಿದಿದ್ದರು.

ಈ ಭಾಗದ ಸೌಟುಗಳನ್ನೆಲ್ಲ ನೋಡಿಕೊಳ್ಳುವ ಫಿಯೋನಾ ಪ್ರಾಕ್ಟರ್ ಅಂದು ಅಲ್ಲೇ ಇದ್ದರು, ಮುಖ ಬಿಳುಚಿಕೊಂಡಿತ್ತು. ಮೇಲಧಿಕಾರಿಯಾದರೂ ಲೊರೇನ್‌ಗೆ ಅವರು ಮಗಳ ವಯಸ್ಸಿನವರು, ಮೇಲಾಗಿ ಲೊರೇನ್ ಎಲ್ಲರನ್ನೂ ಬಂಗಾರ ಎಂದೇ ಕರೆಯುವವರು. “ನೋಡು ಬಂಗಾರ,” ಎಂದರು, “ಎಂಟ್ ಜನ ಎಂಟ್ ಮೇಜ್ ಹಿಡ್ಕೊಂಡಿದಾರೆ. ಆರಡಿ ಕೌಂಟರ್ ಬಿಟ್ಕೊಡು. ಎಂಟ್ ಜನಾನೂ ಅದ್ರ ಸುತ್ತ ಒತ್ತೊತ್ತಾಗಿ ನಿಲ್ಸ್ತೀನಿ. ನಿನ್ ಮೇಜೆಲ್ಲಾ ನಿಂಗೆ ವಾಪಸ್ಸು.” ಕಿತ್ತ ಹಲಗೆ ಇನ್ನೂ ಹಿತ್ತಲಲ್ಲೇ ಬಿದ್ದಿತ್ತು. ವಾರದೊಳಗೆ ಅದರ ಆರಡಿ ತುಂಡು ಒಳಗೆ ಬಂತು. ವಸಂತದವರೆಗೆ ನೋಡೋಣ, ಸರಿಹೋಗದಿದ್ದರೆ ಐಸ್‌ಕ್ರೀಮ್ ಯಂತ್ರವೇ ಎಂದು ಫಿಯೋನಾ ಷರತ್ತು ಹಾಕಿದರು.

ವಸಂತ ಬಂತು, ಫಿಯೋನಾ ಕೂಡ ಬಂದರು. ಭಾನುವಾರ, ಕಾಲಿಡಲು ಜಾಗವಿಲ್ಲ. ಕೌಂಟರಿನಲ್ಲಿ ಹಳಬರ ನಡುವೆ ಬೈಪಾಸ್ ಪಕ್ಕದ ಹೊಸ ಬಡಾವಣೆಯ ಗ್ರೆಗ್ ಎಂಬ ತಂದೆ ಬಹಳ ಹೊತ್ತಿನಿಂದ ಕಾಯುತ್ತಿದ್ದ. ಮೂರು ಮಕ್ಕಳು ಅವನ ಅಂಗಿ ಜಗ್ಗುತ್ತಿದ್ದರು. ಆಗ ಬಂದವರು ಊರಿನವರೇ ಆದ ಎಡ್ವಿನ್ ಪಿಕಲ್ಸ್. ಗುರುವಾರವಷ್ಟೇ ಹೆಂಡತಿಯನ್ನು ಮಣ್ಣು ಮಾಡಿ ಬಂದಿದ್ದರು, ಇನ್ನೂ ಅದೇ ಕಪ್ಪು ಟೈ. ಕೌಂಟರಿನ ತುದಿಯಲ್ಲಿ ನಿಂತು ಅಂಗೈ ನೋಡಿಕೊಳ್ಳುತ್ತಿದ್ದರು.

ಎಂದಿನಂತೆ ಲೊರೇನ್ ಕೇಳಿದರು, “ಮುಂದಿನೋರ್ ಯಾರು?”

ಸರದಿ ಗ್ರೆಗ್‌ನದು. ಅದು ಅವನಿಗೂ ಗೊತ್ತು, ಎಲ್ಲರಿಗೂ ಗೊತ್ತು. ಅವನು ಒಮ್ಮೆ ಕಪ್ಪು ಟೈ ನೋಡಿದ. “ಇವ್ರು ಮೊದ್ಲು ಬಂದಿದ್ರು” ಎಂದ. ನಾರ್ಮನ್ ತಲೆಯಾಡಿಸಿದರು. ಹೀಗನ್ನಬೇಕೆಂದು ಗ್ರೆಗ್‌ಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಡ್ವಿನ್ ಅವರಿಗೆ ಬಿಯರ್ ಎಳೆದು ಕೊಡುವಾಗ ಲೊರೇನ್ ಗ್ರೆಗ್ ಕಡೆಗೇ ನೋಡುತ್ತಿದ್ದರು, ನೊರೆ ಹೊರಚೆಲ್ಲಿತು. ಪಕ್ಕದಲ್ಲಿದ್ದ ಫಿಯೋನಾ ಬಟ್ಟೆ ಎತ್ತಿಕೊಂಡು ಅದನ್ನು ಒರೆಸಿದರು. ಮರುವಾರ ಅವರಿಂದ ಫೋನು ಬಂತು: ಐಸ್‌ಕ್ರೀಮ್ ಯಂತ್ರ ಚೆಂಡಿನ ಗುಂಡಿಯ ಪಕ್ಕಕ್ಕೆ ಹೋಗುತ್ತದೆ, ಕೌಂಟರು ಇದ್ದಲ್ಲೇ ಇರುತ್ತದೆ.

ಈಗ ಲೊರೇನ್ ನಿವೃತ್ತಿಗೆ ಹೆಚ್ಚು ಕಾಲವಿಲ್ಲ. ಆಮೇಲೆ ಏನು ಮಾಡುವಿರಿ ಎಂದರೆ ಮಗಳ ಮನೆಯನ್ನೂ ಹೇಳುವುದಿಲ್ಲ, ಸಮುದ್ರತೀರವನ್ನೂ ಹೇಳುವುದಿಲ್ಲ. ಒದ್ದೆ ಬಟ್ಟೆಯನ್ನು ಮಡಿಸಿಟ್ಟು, ಬೆಳಕು ಬಂದ ಕಿಟಕಿಯ ಕಡೆ ನೋಡುತ್ತಾರೆ.

“ಕೆಲ್ಸ ಬಿಟ್ಟ ಮಾರನೇ ದಿನಾನೇ ಬಂದು ಕೌಂಟರಿನ ಆ ಕಡೆ ನಿಂತ್ಕೋತೀನಿ. ಮುಂದಿನೋರ್ ಯಾರು ಅಂತ ಯಾರಾದ್ರೂ ಕೇಳ್ಬೇಕು, ಲೊರೇನ್ ಅಂತ ನಾರ್ಮನ್ ಹೇಳ್ಬೇಕು. ಈ ಸಲ ಅವ್ನಿಗೆ ಸುಳ್ಳು ಹೇಳೋ ಕಷ್ಟ ಬೇಡ. ಬಾಗಿಲು ತೆಗೆಯೋ ಹೊತ್ತಿಗೇ ಬಂದಿರ್ತೀನಿ.”