ಷಡ್ಡಕನ ದೋಣಿಗೆ ಬಿದ್ದ ತೆರಿಗೆ

ಸರೋವರದ ಈಚೆ ದಡದ ದೋಣಿ ಯಾರ್ಡಿಗೆ ಮೂವತ್ತೊಂದು ವರ್ಷದಿಂದ ಅವನೇ ಮೇಸ್ತ್ರಿ. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಬ್ಯಾಂಕಿನ ಗುಮಾಸ್ತನೂ ಮೇಸ್ತ್ರಿ ಎನ್ನುತ್ತಿದ್ದ, ಹಲ್ಲಿನ ಡಾಕ್ಟರೂ "ಮೇಸ್ತ್ರಿ, ಬಾಯಿ ತೆಗೀರಿ" ಎನ್ನುತ್ತಿದ್ದರು. ಬೆರಳಿನ ಗೆಣ್ಣಿನಿಂದ ಹಲಗೆಯನ್ನು ಎರಡು ಸಲ ಕುಟ್ಟಿದರೆ ಸಾಕು, ಒಳಗೆ ಮರ ಗಟ್ಟಿ ಇದೆಯೋ ಕೊಳೆತಿದೆಯೋ ಹೇಳಿಬಿಡುತ್ತಿದ್ದ. ಇಷ್ಟೆಲ್ಲ ಇದ್ದೂ ಸ್ವಂತದ್ದೆಂಬ ದೋಣಿ ಅವನಿಗಿರಲಿಲ್ಲ. ಯಾರಾದರೂ ಕೆಣಕಿದರೆ, "ಹಲ್ಲಿನ ಡಾಕ್ಟರು ಮನೇಲಿ ಹಲ್ಲು ಸಾಕ್ತಾರೇನ್ರೀ?" ಎಂದು ನಗಿಸಿ ಮಾತು ತೇಲಿಸುತ್ತಿದ್ದ.

ಆದರೆ ಒಂದು ದೋಣಿಯ ಮೇಲೆ ಅವನ ಮನಸ್ಸು ಕೂತುಬಿಟ್ಟಿತ್ತು. ಅದು ಆಚೆ ದಡದ್ದು. ಆಚೆ ದಡ ಬೇರೆ ದೇಶ. ನೀರಿನ ನಡುವೆ ತೇಲುವ ಹಳದಿ ಪೀಪಾಯಿಗಳ ಸಾಲೇ ಗಡಿ. ಅಲ್ಲಿನ ನಿವೃತ್ತ ಜಡ್ಜ್ ಒಬ್ಬರು ಹನ್ನೊಂದು ವರ್ಷದ ಹಿಂದೆ ತಮ್ಮ ತೇಗದ ದೋಣಿಯನ್ನು ರಿಪೇರಿಗೆಂದು ಈ ಯಾರ್ಡಿಗೆ ತಂದಿದ್ದರು. ನೀರಿನ ಮಟ್ಟದ ಕೆಳಗಿನ ನಾಲ್ಕು ಹಲಗೆ ತೆಗೆದು ಹೊಸದು ಕೂರಿಸಲು ಮೇಸ್ತ್ರಿ ಮೂರು ತಿಂಗಳು ತೆಗೆದುಕೊಂಡ. ಒಂದೂವರೆ ತಿಂಗಳ ಕೆಲಸ ಅದು. ಉಳಿದ ಒಂದೂವರೆ ತಿಂಗಳು ಅದನ್ನು ಬಿಟ್ಟುಕೊಡಲು ಮನಸ್ಸು ಬಾರದೆ ಸವರುತ್ತಾ ಉಜ್ಜುತ್ತಾ ಕಳೆದಿದ್ದ. ದೋಣಿ ಒಯ್ಯುವ ದಿನ ಜಡ್ಜ್ ಅವನ ಭುಜ ತಟ್ಟಿ, "ಇದರ ಗುಣ ನನಗಿಂತ ನಿಮಗೇ ಚೆನ್ನಾಗಿ ಗೊತ್ತು ಮೇಸ್ತ್ರಿ" ಎಂದಿದ್ದರು. ಅದು ಕೊಟ್ಟ ಮಾತಲ್ಲ, ಮೆಚ್ಚುಗೆ ಅಷ್ಟೆ. ಆದರೆ ವರ್ಷ ಕಳೆದಂತೆ ಮೇಸ್ತ್ರಿಯ ತಲೆಯಲ್ಲಿ ಅದು ಕೊಟ್ಟ ಮಾತೇ ಆಗಿಹೋಯಿತು. ಮಾರುವ ಕಾಲ ಬಂದರೆ ಮೊದಲು ತನಗೇ ಹೇಳಿ ಕಳಿಸುತ್ತಾರೆ ಎಂದುಕೊಂಡು ಕಾದಿದ್ದ. ಸಂಬಳದಲ್ಲಿ ಒಂದಿಷ್ಟು ಬೇರೆ ಎತ್ತಿಡುತ್ತಲೂ ಇದ್ದ.

ಒಂದು ಭಾನುವಾರ ಮಧ್ಯಾಹ್ನ ಹೆಂಡತಿಯ ತಂಗಿ, ಅವಳ ಗಂಡ ಊಟಕ್ಕೆ ಬಂದರು. ಷಡ್ಡಕನಿಗೆ ಪೇಟೆಯಲ್ಲಿ ಕನ್ನಡಕದಂಗಡಿ. ಒಳ್ಳೆಯವನು, ಸ್ವಲ್ಪ ವಾಚಾಳಿ. ಊಟದ ನಡುವೆ ಎಡಗೈಯಲ್ಲೇ ಫೋನು ತೆಗೆದು ಮೇಸ್ತ್ರಿಯ ಮುಖಕ್ಕೆ ಹಿಡಿದ.

"ಅಣ್ಣಾ, ಒಂದು ದೋಣಿ ತಗೊಂಡೆ!"

ಮೇಸ್ತ್ರಿ ಕೈಯ ತುತ್ತನ್ನು ತಟ್ಟೆಗಿಳಿಸಿ ಫೋಟೋ ನೋಡಿದ. ಬಣ್ಣ ಎದ್ದುಹೋಗಿತ್ತು, ಕಿಟಕಿಯ ಗಾಜು ಒಡೆದಿತ್ತು, ಆದರೆ ಆ ಮೂತಿಯ ಬಾಗನ್ನು ಅವನು ನಿದ್ದೆಯಲ್ಲೂ ಗುರುತು ಹಿಡಿಯುತ್ತಿದ್ದ.

"ಯಾರದು ಇದು?" ಎಂದ, ಗೊತ್ತಿಲ್ಲದವನಂತೆ.

"ಆಚೆ ದಡದಲ್ಲಿ ಯಾರೋ ಜಡ್ಜ್ ಇದ್ದರಂತೆ, ತೀರಿಕೊಂಡ್ರು. ಮಗಳು ಮನೆ ಮಾರಬೇಕು, ದೋಣಿ ಅಡ್ಡ. ಪೇಪರಲ್ಲಿ ಹಾಕಿದ್ಲು. ಹೋದೆ, ನೋಡಿದೆ, ಕೊಟ್ಟುಬಿಟ್ಲು. ಕೇಳಿದ್ರೆ ನಂಬಲ್ಲ ನೀವು, ಕಾರಿನ ಟಯರ್ ರೇಟಿಗೆ!"

"ನಿಂಗೆ ದೋಣಿ ನಡೆಸೋಕೆ ಬರುತ್ತಾ?" ಎಂದು ಮೇಸ್ತ್ರಿಯ ಹೆಂಡತಿ ಕೇಳಿದಳು.

"ಕಲೀತೀನಿ ಅತ್ತಿಗೆ. ಮನೇಲೇ ಮೇಸ್ತ್ರಿ ಇರುವಾಗ ಏನು ಭಯ?"

ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ. ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ನಲ್ಲಿ ತಿರುಗಿಸಿ ಸುಮಾರು ಹೊತ್ತು ನಿಂತ. ಹಲಗೆಗೂ ಹಾಸುಗಲ್ಲಿಗೂ ವ್ಯತ್ಯಾಸ ಗೊತ್ತಿಲ್ಲದವನ ಪಾಲಾಯಿತಲ್ಲ! ಹೋಗಲಿ, ಬೇರೆ ಯಾರೋ ಗುರುತಿಲ್ಲದವರು ಕೊಂಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಇನ್ನು ಮೇಲೆ ಭಾನುವಾರ ಭಾನುವಾರ ಇದೇ ಮಾತು ಕೇಳಬೇಕು, ಇದೇ ಫೋಟೋ ನೋಡಬೇಕು.

ಮುಂದಿನ ವಾರ ದೋಣಿ ತರಲು ಷಡ್ಡಕ ಅವನನ್ನೂ ಕರೆದುಕೊಂಡು ಹೋದ. ಬರಲ್ಲ ಎನ್ನಲು ಬಾಯಿ ಬರಲಿಲ್ಲ. ನೋಡುವ ಆಸೆ ಅಷ್ಟಿತ್ತು. ಜಡ್ಜ್ ಮಗಳು ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತು ಕಾಗದಗಳನ್ನು ಕೊಟ್ಟಳು. ಮೇಸ್ತ್ರಿಯ ಗುರುತು ಅವಳಿಗೆ ಹತ್ತಲಿಲ್ಲ. ಷಡ್ಡಕ ಹೊಲಸು ಬೂಟಿನಲ್ಲೇ ದೋಣಿ ಹತ್ತಿದ. ಮೇಸ್ತ್ರಿ ಚಪ್ಪಲಿ ಬಿಟ್ಟು ದೋಣಿಗಿಳಿದು, ತಳದ ಹಾಸು ಎತ್ತಿ ಒಳಗಿನಿಂದ ತನ್ನ ನಾಲ್ಕು ಹಲಗೆಗಳನ್ನು ಒಂದೊಂದಾಗಿ ಕುಟ್ಟಿ ನೋಡಿದ. ನಿನ್ನೆ ಕೂರಿಸಿದಷ್ಟು ಗಟ್ಟಿಯಾಗಿದ್ದವು.

"ಹೇಗಿದೆ ಅಣ್ಣಾ?"

"ಪರವಾಗಿಲ್ಲ."

ಎಂಜಿನ್ ಮಾತ್ರ ಪರವಾಗಿಲ್ಲ ಎನ್ನುವ ಹಾಗೂ ಇರಲಿಲ್ಲ. ಗೂರಲು ಹಿಡಿದವರಂತೆ ಕೆಮ್ಮುತ್ತಿತ್ತು, ಎಣ್ಣೆ ಕಾರುತ್ತಿತ್ತು. ಅದನ್ನು ಪೂರ್ತಿ ಬಿಚ್ಚಿ ಕಟ್ಟಿಸುವುದೆಂದರೆ ದೋಣಿ ಕೊಂಡಷ್ಟೇ ಖರ್ಚು. ದಾರಿಯುದ್ದಕ್ಕೂ ಮೇಸ್ತ್ರಿ ಅದರ ಸದ್ದು ಕೇಳಿಸಿಕೊಂಡೇ ಬಂದ.

ಸಾಮಾನು ದೇಶ ಬಿಟ್ಟು ಹೋಗುತ್ತದೆಂದು ಒಂದು ಫಾರಂ ತುಂಬಿಕೊಟ್ಟಿದ್ದರಿಂದ ಆಚೆ ದಡದಲ್ಲಿ ತೆರಿಗೆ ಇರಲಿಲ್ಲ. ಆದರೆ ಈಚೆ ದಡದಲ್ಲಿ ಮಾರಾಟ ತೆರಿಗೆ ಕಟ್ಟದೆ ದೋಣಿಗೆ ನಂಬರು ಕೊಡುವುದಿಲ್ಲ. ತೆರಿಗೆ ಕಚೇರಿ ದಕ್ಕೆಯ ಪಕ್ಕದಲ್ಲೇ ಇತ್ತು: ಒಂದು ಕೋಣೆ, ಎರಡು ಬೆಂಚು, ಸದಾ ಜಾಮ್ ಆಗುವ ಪ್ರಿಂಟರು. ಅಧಿಕಾರಿ ಮೇಡಂ ರಸೀದಿಯನ್ನು ಎರಡು ಸಲ ಓದಿ, ಕಿಟಕಿಯಿಂದ ಕತ್ತು ಚಾಚಿ ದೋಣಿಯನ್ನು ನೋಡಿದರು.

"ಇಷ್ಟಕ್ಕೆ ಅಷ್ಟು ದೊಡ್ಡ ದೋಣಿನಾ? ರಸೀದಿ ಮೇಲೆ ಕಡಿಮೆ ಬರೆಸಿಕೊಂಡು ಬಂದಿಲ್ಲ ತಾನೇ?"

"ಅಯ್ಯೋ ಇಲ್ಲ ಮೇಡಂ! ಕೊಟ್ಟಿದ್ದೇ ಅಷ್ಟು."

"ಇರಬಹುದು. ಆದ್ರೆ ಗಡಿಯಾಚೆ ಖಾಸಗಿಯವರ ಹತ್ರ ಹಳೇದು ಕೊಂಡ್ರೆ ನಾವು ಪೇಟೆ ಬೆಲೆ ಮೇಲೆ ತೆರಿಗೆ ಹಾಕಬಹುದು. ದೋಣಿ ಸ್ಥಿತಿ ಚೆನ್ನಾಗಿಲ್ಲ, ಅದಕ್ಕೇ ಕಮ್ಮಿಗೆ ಬಂತು ಅಂತ ಯಾರ್ಡಿನವರು ಬರೆದು ಕೊಟ್ರೆ ಈ ರಸೀದಿನೇ ಒಪ್ಕೋತೀನಿ."

ಷಡ್ಡಕನ ಮುಖ ಅರಳಿತು. "ಯಾರ್ಡಿನವರು ಇಲ್ಲೇ ಇದ್ದಾರಲ್ಲ! ನಮ್ಮ ಅಣ್ಣನೇ."

ಮೇಡಂ ಮೇಸ್ತ್ರಿಯ ಕಡೆ ನೋಡಿದರು. "ಸಂಬಂಧಿಕರಾ? ನೀವಾದ್ರೆ ಚಿಂತೆಯಿಲ್ಲ ಬಿಡಿ. ಇಷ್ಟು ವರ್ಷದಲ್ಲಿ ಒಂದು ಸುಳ್ಳು ಬರೆದದ್ದು ನಾನು ಕಂಡಿಲ್ಲ. ಬರೆದು ತನ್ನಿ."

ಮೇಸ್ತ್ರಿ ಯಾರ್ಡಿಗೆ ಹೋಗಿ ತನ್ನ ಮೇಜಿನ ಮುಂದೆ ಕೂತ. ಬರೆಯಬೇಕಾದ್ದು ನೀರು ಕುಡಿದಷ್ಟು ಸುಲಭವಿತ್ತು. ಎಂಜಿನ್ ಹಾಳಾಗಿದೆ, ಬಣ್ಣ ಹೋಗಿದೆ, ಗಾಜು ಒಡೆದಿದೆ, ಮೂರೂ ನಿಜ. ಆದರೆ ಪೆನ್ನು ಹಿಡಿದಾಗ ಅವನ ಕಣ್ಣಿಗೆ ಕಟ್ಟಿದ್ದು ಆ ಹೊಲಸು ಬೂಟು. ಟಯರ್ ರೇಟಂತೆ! ತನ್ನ ಮೂರು ತಿಂಗಳು ಟಯರ್ ರೇಟೇ? ಅವನು ಬರೆದ: "ತಳದ ಮರ ಹೊಸದರಂತಿದೆ. ನೀರಿನ ಮಟ್ಟದ ಕೆಳಗಿನ ನಾಲ್ಕು ಹಲಗೆ ಉತ್ತಮ ತೇಗ, ಇನ್ನೂ ಮೂವತ್ತು ವರ್ಷ ಬಾಳುತ್ತದೆ. ಇಂಥ ಕೆಲಸದ ದೋಣಿ ಇಂದು ಪೇಟೆಯಲ್ಲಿ ಸಿಗುವುದಿಲ್ಲ." ಪೇಟೆ ಬೆಲೆ ಎಂಬ ಕಡೆ ರಸೀದಿಯ ಎರಡೂವರೆ ಪಟ್ಟು ಹಾಕಿದ. ಒಂದು ಅಕ್ಷರವೂ ಸುಳ್ಳಿರಲಿಲ್ಲ. ಎಂಜಿನ್ ವಿಷಯ ಮಾತ್ರ ಇರಲಿಲ್ಲ. ಸೀಲು ಒತ್ತಿದಾಗ ಎದೆಯೊಳಗೆ ತಣ್ಣಗೆ ಏನೋ ಇಳಿದಂತಾಯಿತು.

ತೆರಿಗೆಯೂ ಎರಡೂವರೆ ಪಟ್ಟಾಯಿತು. ಷಡ್ಡಕ ಚೀಟಿ ಮಡಚಿ ಜೇಬಿಗಿಟ್ಟ. ಕನ್ನಡಕದ ಗಾಜು ಉಜ್ಜುವ ಹೊಸ ಯಂತ್ರಕ್ಕೆಂದು ಇಟ್ಟಿದ್ದ ದುಡ್ಡನ್ನು ತಂದು ಕಟ್ಟಿದ.

"ನೀವು ಇದ್ದದ್ದು ಇದ್ದಂಗೆ ಬರೆದಿರಿ ಅಣ್ಣಾ. ಅದರಲ್ಲಿ ನಿಮ್ಮ ತಪ್ಪೇನಿದೆ? ದೋಣಿ ಅಷ್ಟು ಚೆನ್ನಾಗಿದೆ ಅಂದ್ರೆ ನಂಗೆ ಖುಷಿನೇ."

ಬೈದಿದ್ದರೆ ಎಷ್ಟೋ ವಾಸಿ ಎನಿಸಿತು. ಸುದ್ದಿ ಯಾರ್ಡಿಗೂ ಮುಟ್ಟಿತು. ಬಡಗಿಗಳು, ಬಣ್ಣದವರು, ಚಹಾ ತರುವವಳು, ಎಲ್ಲರಿಗೂ ಅದೇ ಮಾತು. "ಸ್ವಂತ ಷಡ್ಡಕ ಅಂತಾನೂ ನೋಡಲಿಲ್ಲ ಕಣ್ರೀ. ಮನುಷ್ಯ ಅಂದ್ರೆ ಹಾಗಿರಬೇಕು!" ಮಾಲೀಕ ಕರೆದು ಕೈ ಕುಲುಕಿದ. ಮೇಸ್ತ್ರಿಗೆ ಮೈಮೇಲೆ ಚೇಳು ಹರಿದಂತಾಗುತ್ತಿತ್ತು. ಇನ್ನೊಂದು ಕಡೆ, ದಕ್ಕೆಯಲ್ಲಿ ಕಟ್ಟಿದ್ದ ಆ ದೋಣಿಯನ್ನು ದಿನಕ್ಕೆ ನಾಲ್ಕು ಸಲ ನೋಡುವುದೂ ತಪ್ಪಲಿಲ್ಲ. ತೆರಿಗೆ ಕಟ್ಟಿದ ಮಾತ್ರಕ್ಕೆ ಅದು ಷಡ್ಡಕನದಲ್ಲದೆ ಹೋಗಲಿಲ್ಲವಲ್ಲ. ಈಗ ಅದರ ಮೂತಿಯ ಮೇಲೆ ಅವನ ಹೆಂಡತಿಯ ಹೆಸರು, ಅದೂ ಕೊಕ್ಕರೆ ಕಾಲಿನ ಅಕ್ಷರದಲ್ಲಿ.

ಒಂದು ವಾರದ ಮೇಲೆ ಅಂಗಿ ಒಗೆಯಲು ತೆಗೆದ ಹೆಂಡತಿಗೆ ಜೇಬಿನಲ್ಲಿ ಸರ್ಟಿಫಿಕೇಟಿನ ಪ್ರತಿ ಸಿಕ್ಕಿತು. ಓದಿದವಳೇ ಅವನಿದ್ದಲ್ಲಿಗೆ ಬಂದಳು.

"ರೀ, ಎಂಜಿನ್ ಎಲ್ಲಿ?"

"ಯಾವ ಎಂಜಿನ್?"

"ದೋಣಿ ತಂದ ದಿನ ಊಟಕ್ಕೆ ಕೂತಾಗಿಂದ ಏಳೋವರೆಗೂ ಅದನ್ನೇ ಹೇಳಿದ್ರಲ್ಲ, ಕೆಮ್ಮುತ್ತೆ, ಕಾರುತ್ತೆ ಅಂತ. ಇಲ್ಲಿ ಒಂದು ಸಾಲೂ ಇಲ್ಲ."

"ಮರೆತುಹೋಯ್ತು."

"ನೀವು ನನ್ನ ಹುಟ್ಟಿದ ದಿನ ಮರೀತೀರಿ. ಎಂಜಿನ್ ಮರೆಯಲ್ಲ." ಅವಳು ಅವನ ಮುಖವನ್ನೇ ನೋಡಿದಳು. "ಅದು ಆ ದೋಣಿ ಅಲ್ವಾ? ಮೂರು ತಿಂಗಳು ಮನೆಗೆ ಹೊತ್ತಿಗೆ ಸರಿಯಾಗಿ ಬರದೆ ಕೂತಿದ್ರಲ್ಲ, ಅದು?"

ಉತ್ತರಕ್ಕೆ ಅವಳು ಕಾಯಲಿಲ್ಲ. ಪ್ರತಿಯನ್ನು ಮೇಜಿನ ಮೇಲಿಟ್ಟು, "ನನ್ನ ತಂಗಿ ಕಣ್ರೀ ಅವಳು" ಎಂದಷ್ಟೇ ಹೇಳಿ ಒಳಗೆ ಹೋದಳು.

ತೆರಿಗೆ ತಕರಾರಿಗೆ ಮೂವತ್ತು ದಿನದ ಅವಕಾಶವಿತ್ತು. ಇಪ್ಪತ್ತೇಳನೆಯ ದಿನ ಮೇಸ್ತ್ರಿ ಇನ್ನೊಂದು ಹಾಳೆ ಬರೆದುಕೊಂಡು ಕಚೇರಿಗೆ ಹೋದ. ಅಷ್ಟು ದಿನ ತಡ ಮಾಡಿದ್ದೂ ಹೊಟ್ಟೆಕಿಚ್ಚಿನಿಂದಲೇ ಎಂದು ಅವನಿಗೆ ಗೊತ್ತಿತ್ತು.

ಮೇಡಂ ಓದಿದರು. "ಎಂಜಿನ್ ಪೂರ್ತಿ ಬಿಚ್ಚಬೇಕು ಅಂತೀರಿ. ಇದು ದೊಡ್ಡ ವಿಷಯ ಅಲ್ವಾ? ಆಗ ಮರೆತಿರಾ?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಮರೀಲಿಲ್ಲ ಮೇಡಂ. ಬಿಟ್ಟೆ."

"ಯಾಕೆ?"

"ನಂಗೆ ಬೇಕಿತ್ತು ಆ ದೋಣಿ."

ಮೇಡಂ ಪೆನ್ನು ಕೆಳಗಿಟ್ಟರು. ಪ್ರಿಂಟರು ತನ್ನ ಪಾಡಿಗೆ ಕಿರುಗುಟ್ಟುತ್ತಿತ್ತು. ಕೊನೆಗೆ ಅವರು ಹಾಳೆಗೆ ಸೀಲು ಹಾಕಿ, "ಹೆಚ್ಚು ಕಟ್ಟಿದ್ದರಲ್ಲಿ ಮುಕ್ಕಾಲು ಪಾಲು ವಾಪಸ್ ಬರುತ್ತೆ" ಎಂದರು. ತುಸು ತಡೆದು, ತಲೆ ಎತ್ತದೆ ಸೇರಿಸಿದರು: "ಇನ್ನು ಮೇಲೆ ನೀವು ಬರೆದದ್ದಕ್ಕೆ ಮಾಲೀಕರ ಸಹಿನೂ ಬೇಕಾಗುತ್ತೆ ಮೇಸ್ತ್ರಿ. ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿದುಕೊಳ್ಳಲು ಏನಿತ್ತು? ತಲೆಯಾಡಿಸಿ ಹೊರಬಂದ. ಮಾಲೀಕ ಮೊದಲ ಸಲ ಅವನ ಕಾಗದಕ್ಕೆ ಸಹಿ ಹಾಕುವಾಗ ಏನೂ ಕೇಳಲಿಲ್ಲ; ಆದರೆ ಪ್ರತಿ ಸಾಲೂ ಓದಿಯೇ ಹಾಕಿದ. ಈಗಲೂ ಓದಿಯೇ ಹಾಕುತ್ತಾನೆ.

ದುಡ್ಡು ವಾಪಸ್ ಬಂದಾಗ ಷಡ್ಡಕ ಸಂತೋಷದಿಂದ ಫೋನು ಮಾಡಿದ. "ನನಗೋಸ್ಕರ ಮತ್ತೆ ಹೋಗಿ ಹೋರಾಡಿದಿರಂತಲ್ಲ ಅಣ್ಣಾ!" ಅವನಿಗೆ ಒಳಗಿನ ಕಥೆ ತಿಳಿದಿತ್ತೋ, ತಿಳಿದೂ ಹಾಗೆ ಅಂದನೋ, ಮೇಸ್ತ್ರಿಗೆ ಇವತ್ತಿಗೂ ಗೊತ್ತಿಲ್ಲ. ಬಾಯಿಬಿಟ್ಟು ಹೇಳುವ ಧೈರ್ಯ ಕಚೇರಿಯಲ್ಲೇ ಖರ್ಚಾಗಿಹೋಗಿತ್ತು.

ಆ ಭಾನುವಾರ ನಾಲ್ವರೂ ದೋಣಿಯಲ್ಲಿ ಹೊರಟರು. ಅಕ್ಕತಂಗಿಯರು ಮುಂದೆ ಕೂತು ಹರಟಿದರು. ಷಡ್ಡಕ ಚುಕ್ಕಾಣಿ ಹಿಡಿದು ದೋಣಿ ಹೊರಡಿಸುವಾಗಲೇ ದಕ್ಕೆಗೆ ಢಿಕ್ಕಿ ಹೊಡೆದ. ಮೇಸ್ತ್ರಿ ಹಲ್ಲು ಕಚ್ಚಿದ.

"ಬನ್ನಿ ಅಣ್ಣಾ, ಸ್ವಲ್ಪ ದೂರ ನೀವೇ ನಡೆಸಿ."

"ಬೇಡ, ನೀನೇ ಕಲಿ."

ನಿಜ ಹೇಳಬೇಕೆಂದರೆ ಅವನಿಗೆ ತನ್ನ ಮೇಲೇ ನಂಬಿಕೆಯಿರಲಿಲ್ಲ. ಒಮ್ಮೆ ಕೈ ಇಟ್ಟರೆ ನಗುನಗುತ್ತಾ ವಾಪಸ್ ಕೊಡುವುದು ತನ್ನಿಂದ ಆಗದು ಎಂದು ಗೊತ್ತಿತ್ತು. ಹಿಂದುಗಡೆ ಎಂಜಿನ್ ಪಕ್ಕದ ಪೆಟ್ಟಿಗೆಯ ಮೇಲೆ ಕೂತ. ಹೊಟ್ಟೆಯೊಳಗಿನ ಉರಿ ಆರಿರಲಿಲ್ಲ. ಷಡ್ಡಕ ಸೀಟಿ ಹಾಕಿದಾಗಲೆಲ್ಲ ಒಂದು ಸಲ ಭುಗ್ಗೆನ್ನುತ್ತಿತ್ತು. ಹಳದಿ ಪೀಪಾಯಿಗಳ ಹತ್ತಿರ ಬರುವಷ್ಟರಲ್ಲಿ ಎಂಜಿನ್ನಿನ ಕೆಮ್ಮು ಜೋರಾಯಿತು.

"ವೇಗ ಇಳಿಸು. ಬುಧವಾರ ಯಾರ್ಡಿಗೆ ತಗೊಂಡು ಬಾ" ಎಂದ ಮೇಸ್ತ್ರಿ. "ಬಿಚ್ಚಿ ನೋಡೋಣ."