ಅನ್ನಪೂರ್ಣಕ್ಕನ ಒಂದು ಹಿಡಿ ರವೆ

ನಮ್ಮ ಅನ್ನಪೂರ್ಣಕ್ಕನದು ಸಾಮಾನ್ಯ ಪುಕ್ಕಲುತನವಲ್ಲ. ನಂಜನಗೂಡಿನಿಂದ ವಿಜಯವಾಡದ ಭವಾನಿಪುರಕ್ಕೆ ಸೊಸೆಯಾಗಿ ಹೋಗಿ ಐವತ್ತೆರಡು ವರ್ಷವಾಯಿತು. ಹತ್ತು ಹೆಜ್ಜೆಗೆ ಕೃಷ್ಣಾ ನದಿ. ಅಷ್ಟು ವರ್ಷದಲ್ಲಿ ಅವಳು ಅದರಲ್ಲಿ ಕಾಲದ್ದಿದ್ದು ಒಂದೇ ಸಲ, ಅದೂ ನೀರಿಲ್ಲದ ಬೇಸಿಗೆಯಲ್ಲಿ. ಕುಕ್ಕರ್ ಕೂಗಿದರೆ ಪಕ್ಕದ ಬೀದಿಯಲ್ಲಿರುತ್ತಾಳೆ. ಖಾಕಿ ಕಂಡರಂತೂ ಮುಗಿಯಿತು. ಅಂಚೆಯವನ ಮುಂದೆ ಕೂಡ ಮಾಡದ ತಪ್ಪನ್ನು ಒಪ್ಪಿಕೊಂಡೇ ಕಾಗದ ಇಸಿದುಕೊಳ್ಳುತ್ತಾಳೆ.

ಇಂಥವಳು ಹೆದರದೆ ಮಾಡುವ ಕೆಲಸ ಒಂದೇ, ರವೆ ಕಲಸುವುದು. ತಿನ್ನುವುದಕ್ಕಲ್ಲ. ಮೊಮ್ಮಗಳು ಬಿಂದುಶ್ರೀ ಮೃದಂಗ ನುಡಿಸುತ್ತಾಳೆ. ಮೃದಂಗದ ಎಡಮುಖಕ್ಕೆ ಹಸಿ ರವೆಯ ಮುದ್ದೆ ಮೆತ್ತಿದರೆ ಮಾತ್ರ 'ಗುಂ' ಅನ್ನುವ ನಾದ ಹುಟ್ಟುತ್ತದೆ. ಇಲ್ಲದಿದ್ದರೆ ಅದು ಬರೀ ಹಲಸಿನ ಕೊರಡು. ಕಛೇರಿ ಮುಗಿದ ಮೇಲೆ ಕೆರೆದು ತೆಗೆಯಬೇಕು, ಮುಂದಿನ ಸಲಕ್ಕೆ ಮತ್ತೆ ಹೊಸದು. ಬಿಂದುವಿಗೆ ಎಂಟು ವರ್ಷವಿದ್ದಾಗಿನಿಂದ ಈಗ ಹದಿನೇಳರವರೆಗೆ ಆ ರವೆಯ ಹದ ಅಕ್ಕನ ಕೈಯದು.

ಹೋದ ಡಿಸೆಂಬರಿನಲ್ಲಿ ವಿಶಾಖಪಟ್ಟಣದ ಕಡಲ ದಂಡೆಯ ಹೋಟೆಲೊಂದು ಭಾನುವಾರ ಹನ್ನೊಂದು ಗಂಟೆಗೆ ಬ್ರಂಚ್ ಕಛೇರಿ ಇಟ್ಟಿತು. ಬ್ರಂಚ್ ಎಂದರೆ ತಿಂಡಿಯನ್ನು ವಿಳಂಬ ಕಾಲದಲ್ಲಿ ಊಟದವರೆಗೂ ಎಳೆಯುವುದು. ಹಾಡುವುದು ಅಖಿಲಾ, ಪಿಟೀಲು ಚಿರಂತ್, ಮೃದಂಗ ನಮ್ಮ ಬಿಂದು. ಮೂವರ ವಯಸ್ಸು ಕೂಡಿಸಿದರೂ ನನ್ನದಕ್ಕಿಂತ ಹತ್ತು ಕಮ್ಮಿ. ಬಿಂದುವಿಗೆ ಊರಾಚೆ ಇದೇ ಮೊದಲ ಕಛೇರಿ. ಹೊರಡುವ ಮುನ್ನ ಗುರು ರಾಮಮೋಹನ್ ಅವಳಿಗೆ ಹೇಳಿದ್ದರು: "ಹುಡುಗಿಯ ಎಡಗೈಲಿ ಬಲ ಇಲ್ಲ ಅನ್ನೋದಕ್ಕೆ ಜನ ಕಾದು ಕೂತಿರ್ತಾರಮ್ಮಾ. ಎಡಗಡೆ ಒಂದು ಸಲ ಸೋತರೆ ಇನ್ನು ಯಾರೂ ಕರೆಯಲ್ಲ."

ಈ ಮಾತು ಅಕ್ಕನ ಕಿವಿಗೂ ಬಿತ್ತು. ಅಲ್ಲಿಂದ ಅವಳಿಗೆ ನಿದ್ದೆಯಿಲ್ಲ. ರೈಲಿನಲ್ಲಿ ರವೆಯ ಡಬ್ಬಿಯನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು, ಗೋದಾವರಿ ಸೇತುವೆ ಮುಗಿಯುವವರೆಗೂ ಉಸಿರು ಬಿಡದೆ ಬಂದಳಂತೆ. ಇಳಿದುಕೊಂಡದ್ದು ವಿಶಾಖಪಟ್ಟಣದ ಮಧುರವಾಡದಲ್ಲಿ, ನಾನಿರುವ ನನ್ನ ಮಗ ಅನಿರುದ್ಧನ ಬಾಡಿಗೆ ಮನೆಯಲ್ಲಿ, ಎಂಟನೆಯ ಮಹಡಿ. ಲಿಫ್ಟು ಬೇಡವೆಂದು ಡಬ್ಬಿಯ ಸಮೇತ ಹತ್ತಿದಳು. ಸಿಂಹಾಚಲದ ಸ್ವಾಮಿಗೂ ಡಬ್ಬಿ ತೋರಿಸಿದ್ದಾಯಿತು.

ಭಾನುವಾರ ನಾನೂ ಬಿಂದುವೂ ಮೃದಂಗ ಹೊತ್ತು ಮೊದಲೇ ಒಳಗೆ ಹೋದೆವು. ಅಕ್ಕ ಹಿಂದೆ ಉಳಿದಳು. ಬಾಗಿಲಲ್ಲಿ ಕಾವಲುಗಾರ ಬಾಬ್ಜಿ. ಅವನ ಮೀಸೆ ಒಳಗೆ ಬರಬೇಕಾದರೆ ಎರಡೂ ಕದ ತೆರೆಯಬೇಕು. ಹೊರಗಿನ ತಿಂಡಿ ಒಳಗೆ ತರಬಾರದೆಂದು ಪಕ್ಕದಲ್ಲೇ ಬೋರ್ಡು.

"ಏನಮ್ಮಾ ಇದು ಡಬ್ಬಿಯಲ್ಲಿ?"

"ಬೊಂಬಾಯಿ ರವ್ವ ಅಂಡಿ," ಅಂದಳು ತೆಲುಗಿನಲ್ಲೇ ಸತ್ಯಸಂಧೆ.

"ಉಪ್ಮಾ ಒಳಗೇ ನಾಲ್ಕು ತರ ಇದೆ. ಇದು ಇಲ್ಲಿರಲಿ, ಹೋಗುವಾಗ ತಗೊಳ್ಳಿ."

'ಮೃದಂಗಕ್ಕೆ' ಎಂಬ ಒಂದು ಮಾತು ಸಾಕಿತ್ತು. ಆದರೆ ಖಾಕಿ ಅಂಗಿ, ಹಿತ್ತಾಳೆ ಗುಂಡಿ, ಮೇಲೆ ಆ ಮೀಸೆ. ಡಬ್ಬಿ ಕೊಟ್ಟು, ಕೈ ಮುಗಿದು, ಒಳಗೆ ಬಂದುಬಿಟ್ಟಳು. ಬಂದು ನನ್ನ ಪಕ್ಕ ಕೂತಳು. ಮೇಜಿನ ಮೇಲಿನ ಲೋಟಗಳು ಕುಣಿಯತೊಡಗಿದವು. ಸಮುದ್ರವೇ ಉಕ್ಕಿತೇನೋ ಅಂದುಕೊಂಡೆ, ನೋಡಿದರೆ ಅಕ್ಕನ ಮೊಣಕಾಲು.

ವೇದಿಕೆಯಿಂದ ಬಿಂದು ಕೂಗಿದಳು: "ನಾನಮ್ಮಾ, ರವೆ!" ಅಜ್ಜಿಯನ್ನು ಆ ಮನೆಯಲ್ಲಿ ಕರೆಯುವುದು ತೆಲುಗಿನಲ್ಲೇ.

"ಬಂತು ಕಂದಾ," ಎಂದ ಅಕ್ಕ ನನ್ನ ತೋಳು ಹಿಡಿದಳು. "ಮಾಬಲ, ಕಿತ್ಕೊಂಡುಬಿಟ್ಟ ಕಣೋ. ಇನ್ನು ಕಾಲು ಗಂಟೆ ಇದೆ. ಮಗೂನ ನಾನೇ ಮುಳುಗಿಸಿದೆ."

"ಅಷ್ಟೇನಾ?" ಎಂದು ಉಪ್ಪಿಟ್ಟಿನ ಅಡುಗೆಯವನಿಂದ ಒಂದು ಬಟ್ಟಲು ರವೆ ತಂದೆ. ತುಪ್ಪದಲ್ಲಿ ಹುರಿದದ್ದು. ಅಕ್ಕ ನೀರು ಹಾಕಿ ಹಿಸುಕಿದರೆ ಕಡಲ ಮರಳಿನ ಹಾಗೆ ಬೆರಳ ಸಂದಿಯಿಂದ ಉದುರಿತು. ಅತ್ತ ಬಿಂದು ಒಣ ಎಡಮುಖವನ್ನು ತಟ್ಟಿ ನೋಡಿದಳು. 'ಟಪ್.' ಅಖಿಲಾ ತಿರುಗಿ ನೋಡಿದಳು. ಮುಂದಿನ ಸಾಲಿನ ಇಬ್ಬರು ಪೆಸರಟ್ಟು ಅಗಿಯುವುದನ್ನು ನಿಲ್ಲಿಸಿ ಮುಖ ಮುಖ ನೋಡಿಕೊಂಡರು.

ಅಕ್ಕ ಎದ್ದಳು. ಧೈರ್ಯ ಬಂತು ಅಂದುಕೊಳ್ಳಬೇಡಿ. ದೊಡ್ಡ ಭಯವೊಂದು ಚಿಕ್ಕ ಭಯವನ್ನು ಕತ್ತು ಹಿಡಿದು ಬಾಗಿಲಿಗೆ ನೂಕಿತು, ಅಷ್ಟೇ. ನಾನು ತಟ್ಟೆ ಹಿಡಿದೇ ಹಿಂದೆ ಹೋಗಿ ಕಂಬದ ಮರೆಯಲ್ಲಿ ನಿಂತೆ. ಭಯ ನಮ್ಮ ವಂಶದ್ದು.

ಬಾಬ್ಜಿಯ ಮುಂದೆ ನಿಂತವಳ ಐವತ್ತೆರಡು ವರ್ಷದ ತೆಲುಗು ಆವಿಯಾಯಿತು. ಬಂದದ್ದು ನಂಜನಗೂಡಿನ ಕನ್ನಡ: "ಡಬ್ಬಿ ಕೊಡಪ್ಪಾ, ಮಗು ಕೈ ಸೋಲ್ತದೆ." ಅವನಿಗೆ ಒಂದಕ್ಷರ ತಿಳಿಯಲಿಲ್ಲ. ಬೆವರು, ನಡುಕ ಮಾತ್ರ ಕಂಡಿತು.

"ಅಯ್ಯೋ, ಷುಗರ್ ಇದೆಯಾ ಅಮ್ಮಾ? ಕೂತ್ಕೊಳ್ಳಿ." ಕುರ್ಚಿ ಎಳೆದ, ನೀರಿನ ಬಾಟಲಿ ಕೊಟ್ಟ, ಡಬ್ಬಿಯನ್ನೂ ಕೊಟ್ಟ. "ತಿನ್ನಿ. ಆದರೆ ಇಲ್ಲೇ ತಿನ್ನಬೇಕು, ಒಳಗೆ ಬಿಡಲ್ಲ."

ಅಕ್ಕ ಡಬ್ಬಿ ತೆರೆದಳು, ನೀರು ಚಿಮುಕಿಸಿದಳು, ಕಲಸಿದಳು. ಇಡೀ ಮೈ ನಡುಗುತ್ತಿತ್ತು, ಆ ಐದು ಬೆರಳು ಮಾತ್ರ ಇಲ್ಲ. ಬಾಬ್ಜಿ ಹುಬ್ಬು ಗಂಟಿಕ್ಕಿದ. "ಹಸೀದೇ ತಿಂತೀರಾ?" ಅಕ್ಕ ಒಂದು ಚಿಟಿಕೆ ಬಾಯಿಗೆ ಹಾಕಿ ನುಂಗಿದಳು. ಅಷ್ಟರಲ್ಲಿ ಯಾರದೋ ಕಾರು ಬಂತು, ಅವನು ಆ ಕಡೆ ತಿರುಗಿದ. ಮುದ್ದೆಯನ್ನು ಮುಷ್ಟಿಯಲ್ಲಿ ಹಿಡಿದು, ಮುಷ್ಟಿಯ ಮೇಲೆ ಸೆರಗು ಹೊದ್ದು ಅಕ್ಕ ಒಳಕ್ಕೆ ಹೆಜ್ಜೆಯಿಟ್ಟಳು.

"ಅಮ್ಮಾ! ನಿಲ್ಲಿ!"

ನಿಂತಳು. ಆ ಗಳಿಗೆಯಲ್ಲಿ ಅವಳ ಎದೆಬಡಿತ ಭವಾನಿಪುರಕ್ಕೂ ಕೇಳಿಸಿರಬೇಕು.

"ಖಾಲಿ ಡಬ್ಬಿ ಮರೆತಿರಲ್ಲಾ."

ಎಡಗೈಯಲ್ಲಿ ಇಸಿದುಕೊಂಡಳು.

ಬಿಂದು ಮುದ್ದೆ ಮೆತ್ತಿ ಮುಗಿಸುವುದಕ್ಕೂ ಅಖಿಲಾ ಬಾಯಿ ತೆರೆಯುವುದಕ್ಕೂ ಸರಿಹೋಯಿತು. ಮೊದಲ ಆವರ್ತದ ಕೊನೆಗೆ 'ಗುಂ' ಎಂದು ಬಿತ್ತು ನೋಡಿ, ಚಟ್ನಿ ಬಟ್ಟಲುಗಳು ಒಂದು ಅಂಗುಲ ಸರಿದವು, ಕಡಲಿನ ಅಲೆಯೊಂದು ನಾಚಿ ಹಿಂದಕ್ಕೆ ಹೋಯಿತು. ಮುಂದಿನ ಸಾಲಿನವರ ತಲೆ ತೂಗತೊಡಗಿತು.

ಅಕ್ಕನಿಗೆ ಮಾತ್ರ ಏನೂ ಕೇಳಿಸಲಿಲ್ಲ. ಬಾಬ್ಜಿ ಬಾಗಿಲಲ್ಲಿ ಬಂದು ನಿಂತಿದ್ದ. ಮೃದಂಗದ ಮೇಲಿನ ಬಿಳಿ ಮುದ್ದೆಯನ್ನು ನೋಡಿದ, ಅಕ್ಕನನ್ನು ನೋಡಿದ, ಮತ್ತೆ ಮುದ್ದೆಯನ್ನು ನೋಡಿದ. "ಬಂದ ಕಣೋ ಮಾಬಲ, ಈಗ ಮಗೂನ ವೇದಿಕೆಯಿಂದ ಎಬ್ಬಿಸ್ತಾನೆ," ಎಂದು ನನ್ನ ತೋಳಿಗೆ ಉಗುರಿಳಿಸಿದಳು. ಗುರುತು ಇನ್ನೂ ಇದೆ. ಅವನು ಎಬ್ಬಿಸಲಿಲ್ಲ. ಬಿಂದು ಒಬ್ಬಳೇ ನುಡಿಸುವ ತನಿ ಮುಗಿಯುವವರೆಗೂ ಹಾಗೇ ನಿಂತಿದ್ದ, ಹೊರಗೆ ಕಾರುಗಳು ಹಾರ್ನ್ ಹೊಡೆಯುತ್ತಲೇ ಇದ್ದವು.

ಮುಗಿದ ಮೇಲೆ ಅಖಿಲಾ ಬಿಂದುವಿನ ಎಡಗೈ ಹಿಡಿದು, "ಸಂಕ್ರಾಂತಿ ಕಛೇರಿಗೂ ನೀನೇ ಬರಬೇಕು," ಅಂದಳು. ಬಿಂದು ನಗುತ್ತ ರವೆ ಕೆರೆದು ತೆಗೆದಳು. ಅಕ್ಕ ಆ ಒಣಗಿದ ಮುದ್ದೆಯನ್ನು ಚೂರೂ ಬಿಡದೆ ಡಬ್ಬಿಗೆ ತುಂಬಿಕೊಂಡಳು, ನೇರ ಬಾಗಿಲಿಗೆ ಹೋದಳು. ಬಾಬ್ಜಿಯ ಮುಂದೆ ಎರಡೂ ಕೈಯಲ್ಲಿ ನೀಡಿ, ಈ ಸಲ ತೆಲುಗಿನಲ್ಲೇ, ನಡುಗುತ್ತ ಹೇಳಿದಳು:

"ಎಣಿಸಿಕೋ ನಾಯನಾ. ನಾನು ನಿನ್ನೆದುರು ತಿಂದ ಚಿಟಿಕೆ ಬಿಟ್ಟರೆ, ಒಳಗೆ ಯಾರೂ ತಿಂದಿಲ್ಲ."